ಮರ ಕಡಿಮೆಯ ಸೀಮೆಯಲ್ಲಿ ಮಕ್ಕಳ ನೆಮ್ಮದಿ

ವಿಜಯಪುರ ಜಿಲ್ಲೆಯಲ್ಲಿ ಕಾಡು ಶೇಕಡಾ 1ಕ್ಕಿಂತ ಕಡಿಮೆ. ಇಂಡಿಯಿಂದ ಸಿಂದಗಿಗೆ, ಅಲ್ಲಿಂದ ಮುದ್ದೇಬಿಹಾಳದ ಕಡೆಗೆ ಬೇಸಿಗೆಯಲ್ಲಿ ಹೊರಟವರಿಗೆ ಈ ಮಾತು ಅರ್ಥವಾಗಲು ಅಂಕಿ ಬೇಕಿಲ್ಲ. ಕಣ್ಣು ಹಾಯಿಸಿದಷ್ಟೂ ಬಿರುಕು ಬಿಟ್ಟ ಎರೆಭೂಮಿ, ಬದುವಿನ ಮೇಲೊಂದು ಜಾಲಿ, ಊರ ಹತ್ತಿರ ಬಂದಾಗ ಒಂದೆರಡು ಬೇವು, ಒಂದು ಹುಣಸೆ. ನಿಸರ್ಗದ ಮಡಿಲಲ್ಲಿ ಮಗುವಿನ ಮನಸ್ಸು ತಣಿಯುತ್ತದೆ ಎಂದು ಹೇಳುವ ಪುಸ್ತಕಗಳ ಮುಖಪುಟದಲ್ಲಿ ಇಂಥ ನೆಲದ ಚಿತ್ರ ಬರುವುದಿಲ್ಲ. ಅಲ್ಲಿ ಮಲೆನಾಡಿನ ಹಳ್ಳವೋ ಯುರೋಪಿನ ಕಾಡೋ ಇರುತ್ತದೆ.

ಆ ಪುಸ್ತಕಗಳ ಮಾತೇ ನಿಜವಾದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಮಕ್ಕಳಷ್ಟು ನತದೃಷ್ಟರು ಇನ್ನಾರೂ ಇರಲಾರರು. ಆದರೆ ಆ ಮಕ್ಕಳನ್ನು ಹತ್ತಿರದಿಂದ ಕಂಡವರು ಯಾರೂ ಹಾಗೆ ಹೇಳುವುದಿಲ್ಲ. ಸಿಟ್ಟು ಬಂದ ಹುಡುಗ ಊಟ ಬಿಟ್ಟು ಬಣವಿಯ ಮರೆಗೆ ಹೋಗಿ ಕೂರುತ್ತಾನೆ. ಅವ್ವನ ಕೈಲಿ ಬೈಸಿಕೊಂಡ ಹುಡುಗಿ ಹಿತ್ತಲ ಬೇವಿನ ಬುಡದಲ್ಲಿ ಮಣ್ಣು ಕೆದರುತ್ತ ಕೂತು, ಅರ್ಧ ತಾಸಿನಲ್ಲಿ ನೆರೆಮನೆಯ ಇಬ್ಬರನ್ನು ಕರೆದುಕೊಂಡು ಆಟ ಹೂಡುತ್ತಾಳೆ. ನೆಮ್ಮದಿ ಅಲ್ಲಿ ಸಿಗುತ್ತಿದೆ, ಹಂಚಿಕೆಯೂ ಆಗುತ್ತಿದೆ. ಯಾವುದರಿಂದ ಎಂಬುದೇ ಚರ್ಚೆ.

ಈ ಚರ್ಚೆಯಲ್ಲಿ ಎರಡು ಪ್ರಶ್ನೆಗಳು ಹೆಣೆದುಕೊಂಡಿವೆ. ಮಗುವಿಗೆ ಸಮಾಧಾನ ಕೊಡುವುದು ನಿಸರ್ಗವೇ, ಅಥವಾ ಅಲ್ಲಿ ಸಿಗುವ ಬಿಡುವು, ಒಡನಾಟ, ತಿನಿಸುಗಳೇ? ಹಾಗೆ ಸಮಾಧಾನ ಪಡೆದ ಮಗು ಅದನ್ನು ಇನ್ನೊಬ್ಬರಿಗೆ ಹಂಚುವುದು ತಾನಾಗಿಯೇ ಬರುವ ಗುಣವೋ, ಊರು ಕಲಿಸಿದ ರೂಢಿಯೋ? ಮನೋವಿಜ್ಞಾನಿಗಳು, ಶಿಕ್ಷಣತಜ್ಞರು, ಜಾನಪದದವರು, ಜಾತಿ-ಭೂಮಿಯ ಲೆಕ್ಕ ಕೇಳುವವರು ಒಬ್ಬೊಬ್ಬರು ಒಂದೊಂದು ಉತ್ತರ ಕೊಟ್ಟಿದ್ದಾರೆ. ಆ ಉತ್ತರಗಳನ್ನು ಎರೆನೆಲದ ಮೇಲೆ ಇಟ್ಟು ನೋಡುವುದು ಈ ಬರಹದ ಉದ್ದೇಶ.

ಪಂಚಾಂಗದೊಳಗಿನ ಮಕ್ಕಳು

ಮೊದಲ ಉತ್ತರ ಯಾವ ಪುಸ್ತಕದ್ದೂ ಅಲ್ಲ, ಹಬ್ಬಗಳದ್ದು. ಈ ನಾಲ್ಕು ತಾಲ್ಲೂಕುಗಳ ಮಳೆಗಾಲದ ಹಬ್ಬಗಳನ್ನು ಸಾಲಾಗಿ ಇಟ್ಟರೆ ಅವುಗಳಲ್ಲಿ ಹಲವನ್ನು ನಡೆಸುವವರೇ ಮಕ್ಕಳು ಎಂಬುದು ಕಾಣುತ್ತದೆ. ಕಾರಹುಣ್ಣಿಮೆ ದೊಡ್ಡವರ, ಎತ್ತುಗಳ ಹಬ್ಬ. ಅದಾದ ಹದಿನೈದು ದಿನಕ್ಕೆ ಬರುವ ಮಣ್ಣೆತ್ತಿನ ಅಮಾವಾಸ್ಯೆ ಮಕ್ಕಳದು. ಎರಿಮಣ್ಣು ಕಲಸಿ ಜೋಡೆತ್ತು ಮಾಡುತ್ತಾರೆ, ಮುಂದೆ ಗೋದಲಿ ಇಡುತ್ತಾರೆ, ಕೊಂಬಿಗೆ ಬಣ್ಣ ಹಚ್ಚುತ್ತಾರೆ. ಮರುದಿನ ಒಂದೆತ್ತಿನ ಕಾಲು ಮುರಿದು ಕುಂಟೆತ್ತು ಮಾಡಿ, ಮಣೆಯ ಮೇಲಿಟ್ಟುಕೊಂಡು, ಕಾಲಿಗೆ ಗೆಜ್ಜೆ ಕಟ್ಟಿ ಮನೆಮನೆಗೆ ಹೊರಡುತ್ತಾರೆ. ಕುಂಟಾದ ಎತ್ತಿಗೆ ಜೋಳ, ಹಿಟ್ಟು, ಬೆಲ್ಲ, ಚಿಲ್ಲರೆ ಏನಾದರೂ ಕೊಡಲೇಬೇಕು. ಬಂದದ್ದನ್ನೆಲ್ಲ ಒಟ್ಟು ಮಾಡಿ, ಊರ ಹೊರಗೆ ಅಡಿಗೆ ಮಾಡಿಕೊಂಡು, ಎತ್ತನ್ನು ನೀರಿಗೆ ಬಿಟ್ಟು, ಎಲ್ಲರೂ ಕೂಡಿ ಉಣ್ಣುತ್ತಾರೆ. ಹೆಚ್ಚು ತಂದವರು, ಕಡಿಮೆ ತಂದವರು ಎಂಬ ಲೆಕ್ಕ ಆ ಊಟದಲ್ಲಿ ಇರುವುದಿಲ್ಲ.

ಆಷಾಢದ ಮಂಗಳವಾರಗಳು ಹುಡುಗಿಯರವು. ಮಣ್ಣಿನ ಗುಳ್ಳವ್ವನನ್ನು ಮಾಡಿ ಗುಲಗಂಜಿ, ಜೋಳದ ಕಾಳು ಚುಚ್ಚಿ ಸಿಂಗರಿಸಿ, ಸಂಜೆ ಓಣಿಯವರೆಲ್ಲ ಕೂಡಿ ಹಾಡುತ್ತಾರೆ. ಕೊನೆಯ ಮಂಗಳವಾರ ಬುತ್ತಿ ಕಟ್ಟಿಕೊಂಡು ಹಳ್ಳಕ್ಕೋ ತೋಟಕ್ಕೋ ಹೋಗಿ ಗುಳ್ಳವ್ವನನ್ನು ಕಳಿಸಿ, ಹಂಚಿಕೊಂಡು ಉಂಡು ಬರುತ್ತಾರೆ. ಮಳೆ ಹೋಯಿತೆಂದರೆ ಹುಡುಗರು ಗುರ್ಜಿಯನ್ನು ತಲೆಯ ಮೇಲೆ ಹೊತ್ತು ಓಣಿ ಸುತ್ತುತ್ತಾರೆ. ಮನೆಯವರು ಮೇಲೆ ನೀರು ಸುರಿಯುತ್ತಾರೆ, ಹುಡುಗರು ತೊಯ್ದು ತಪ್ಪಡಿಯಾಗುತ್ತಾರೆ. ಶ್ರಾವಣದ ಪಂಚಮಿಗೆ ಬೇವಿನ ಕೊಂಬೆಗೆ ಜೋಕಾಲಿ. ಊರಿಗಿರುವ ಮರಗಳು ಕೆಲವೇ, ಆದ್ದರಿಂದ ಒಂದು ಜೋಕಾಲಿಗೆ ಹತ್ತು ಮಕ್ಕಳ ಸರದಿ. ಮರದ ಬಡತನವೇ ಸರದಿ ಕಾಯುವುದನ್ನು ಕಲಿಸಿತು ಎಂದರೆ ತೀರಾ ಉತ್ಪ್ರೇಕ್ಷೆಯಾಗಲಾರದು.

ಎಲ್ಲಕ್ಕಿಂತ ದೊಡ್ಡದು ಎಳ್ಳ ಅಮಾವಾಸ್ಯೆ. ಎರೆಭೂಮಿಯ ಕೃಷಿಯ ಲೆಕ್ಕ ಗೊತ್ತಿಲ್ಲದವರಿಗೆ ಈ ಹಬ್ಬದ ಮಹತ್ವ ತಿಳಿಯುವುದು ಕಷ್ಟ. ಇಲ್ಲಿನ ಬಿಳಿಜೋಳ ಹಿಂಗಾರಿ ಬೆಳೆ. ಮಳೆಗಾಲದಲ್ಲಿ ನೆಲ ನೀರು ಕುಡಿದು ಕಾಯುತ್ತದೆ, ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಬಿತ್ತನೆಯಾಗುತ್ತದೆ. ಆಮೇಲೆ ಮಳೆ ಬಾರದಿದ್ದರೂ ಎರಿಮಣ್ಣು ಹಿಡಿದಿಟ್ಟ ಹಸಿಯ ಮೇಲೆಯೇ ಜೋಳ, ಕಡಲೆ, ಕುಸುಬೆ ಏಳುತ್ತವೆ. ಡಿಸೆಂಬರ್ ಕೊನೆ, ಜನವರಿಯ ಹೊತ್ತಿಗೆ ಆಳೆತ್ತರದ ಜೋಳ. ಅಮಾವಾಸ್ಯೆಯ ದಿನ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಕಡಬು, ಭಜ್ಜಿ, ಪುಂಡಿಪಲ್ಲೆ, ಬಾನ ಕಟ್ಟಿಕೊಂಡು ಇಡೀ ಮನೆ ಹೊಲಕ್ಕೆ ಹೋಗುತ್ತದೆ. ಐದು ಕಲ್ಲು ಇಟ್ಟು ಪಾಂಡವರೆಂದು ಪೂಜಿಸಿ, ಹೊಲದ ಸುತ್ತ ಚರಗ ಚೆಲ್ಲುತ್ತಾರೆ. ಊಟದ ಮೊದಲ ಪಾಲು ನೆಲಕ್ಕೆ, ಹಕ್ಕಿಗೆ, ಹುಳಕ್ಕೆ. ಆಮೇಲೆ ತಮಗೆ, ಪಕ್ಕದ ಹೊಲದವರಿಗೆ, ದಾರಿಯಲ್ಲಿ ಹೋಗುವವರಿಗೆ. ಚರಗದ ಬುಟ್ಟಿ ಹಿಡಿದವರ ಹಿಂದೆ ನೀರಿನ ತಂಬಿಗೆ ಹಿಡಿದು ಕೂಗುತ್ತ ಓಡುವುದು ಮಕ್ಕಳ ಕೆಲಸ.

ಇದಾದ ಮೇಲೆ ಸೀತನಿಯ ದಿನಗಳು. ಹಾಲುಗಾಳಿನ ತೆನೆಯನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಿಸಿ ಇರುವಾಗಲೇ ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ, ಶೇಂಗಾ ಹಿಂಡಿ, ಬೆಲ್ಲ, ಮೊಸರಿನ ಜೊತೆ ತಿನ್ನುವುದು. ತಿಕ್ಕುವ ಕೈ ದೊಡ್ಡವರದು, ಮುಂದೆ ಚಾಚಿದ ಕೈ ಮಕ್ಕಳದು. ಸೀತನಿಯನ್ನು ಒಬ್ಬರೇ ತಿನ್ನುವ ರೂಢಿಯಿಲ್ಲ. ಬೀಗರನ್ನು, ಗೆಳೆಯರನ್ನು, ಕೆಲವೊಮ್ಮೆ ಮಗನ ಶಾಲೆಯ ಮಾಸ್ತರರನ್ನು ಹೊಲಕ್ಕೆ ಕರೆಯಬೇಕು.

ಜಾನಪದದವರ ವಾದ ಇಷ್ಟೇ: ಇಲ್ಲಿ ಮಗು ಮೊದಲು ನಿಸರ್ಗದಲ್ಲಿ ನೆಮ್ಮದಿ ಕಂಡು ಆಮೇಲೆ ಅದನ್ನು ಹಂಚುವುದಿಲ್ಲ. ನೆಮ್ಮದಿ ಬರುವುದೇ ಹಂಚಿಕೆಯ ರೂಪದಲ್ಲಿ. ಬಯಲಿಗೆ ಹೋಗುವುದೆಂದರೆ ಕೂಡಿ ಉಣ್ಣಲು ಹೋಗುವುದು. ನನಗೆ ಈ ವಾದ ಬಹುಮಟ್ಟಿಗೆ ಸರಿ ಅನ್ನಿಸುತ್ತದೆ. ಆದರೆ ಹಬ್ಬ ವರ್ಷದಲ್ಲಿ ಕೆಲವೇ ದಿನ. ಉಳಿದ ದಿನಗಳ ಬಗ್ಗೆ ಅದು ಹೆಚ್ಚು ಹೇಳುವುದಿಲ್ಲ.

ಹಲಸಂಗಿ, ಪುತ್ತೂರು, ಶಾಂತಿನಿಕೇತನ

ಹಬ್ಬಗಳ ಈ ಲೋಕವನ್ನು ಮೊದಲು ಕಾಗದಕ್ಕಿಳಿಸಿದವರಲ್ಲಿ ಇದೇ ಸೀಮೆಯವರಿದ್ದಾರೆ. ಆಗ ಇಂಡಿ ತಾಲ್ಲೂಕಿಗೆ ಸೇರಿದ್ದ ಹಲಸಂಗಿಯ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ರೇವಪ್ಪ ಕಾಪಸೆ ಮೊದಲಾದ ಗೆಳೆಯರು ಹೆಣ್ಣುಮಕ್ಕಳ ಬಾಯಿಂದ ಹಾಡು ಕೇಳಿ ಬರೆದುಕೊಂಡರು. 1931ರಲ್ಲಿ ‘ಗರತಿಯ ಹಾಡು’ ಬಂತು. ಅಲ್ಲಿನ ತ್ರಿಪದಿಗಳಲ್ಲಿ ಕೂಸು ಎಂದೂ ಒಂಟಿಯಲ್ಲ. ಅದರ ಸುತ್ತ ಹೊಲ, ಮನೆ, ಮಳೆ, ತವರು ಎಲ್ಲ ಇವೆ. ಹಲಸಂಗಿಯವರು ಶಿಕ್ಷಣದ ಸಿದ್ಧಾಂತ ಬರೆಯಲಿಲ್ಲ. ಆದರೆ ಮಗುವಿನ ಮನಸ್ಸನ್ನು ನೆಲದಿಂದ ಬೇರೆ ಮಾಡಿ ನೋಡಲಾಗದು ಎಂಬುದಕ್ಕೆ ಅವರ ಸಂಗ್ರಹಕ್ಕಿಂತ ಒಳ್ಳೆಯ ಸಾಕ್ಷಿ ಕನ್ನಡದಲ್ಲಿ ಕಡಿಮೆ.

ಸಿದ್ಧಾಂತ ಬೇರೆಡೆ ಬೆಳೆಯುತ್ತಿತ್ತು. ಜಿನೀವಾ ಮೂಲದ ರೂಸೋ 1762ರಲ್ಲೇ ‘ಎಮಿಲ್’ ಬರೆದು, ಮಗುವನ್ನು ಪಟ್ಟಣದಿಂದ ದೂರ ಬೆಳೆಸಬೇಕೆಂದು ವಾದಿಸಿದ್ದ. ರವೀಂದ್ರನಾಥ ಠಾಕೂರರು 1901ರಲ್ಲಿ ಶಾಂತಿನಿಕೇತನದ ಶಾಲೆಯನ್ನು ಮರದಡಿಯಲ್ಲಿ ಆರಂಭಿಸಿದರು. ಗಾಂಧೀಜಿ 1937ರಲ್ಲಿ ವಾರ್ಧಾದಲ್ಲಿ ಮುಂದಿಟ್ಟ ನಯೀ ತಾಲೀಮಿನಲ್ಲಿ ಮರದ ನೆರಳಿಗಿಂತ ಕೈಕೆಲಸ ಮುಖ್ಯವಾಯಿತು. ಶಿವರಾಮ ಕಾರಂತರು 1930ರ ದಶಕದಲ್ಲಿ ಪುತ್ತೂರಿನ ಬಾಲವನದಲ್ಲಿ ಮಕ್ಕಳಿಗಾಗಿ ಪ್ರಯೋಗಗಳನ್ನು ನಡೆಸಿದರು. 1936ರಲ್ಲಿ ಬಂದ ಅವರ ‘ಬಾಲಪ್ರಪಂಚ’ದ ಸಂಪುಟಗಳು ಲೋಕವನ್ನೇ ಮಗುವಿನ ಮುಂದೆ ತಂದಿಟ್ಟವು.

ಹೆಸರಿಗೆ ಇವರೆಲ್ಲ ಒಂದೇ ಪಂಥ. ಒಳಗಿನ ಭಿನ್ನಮತ ಸಣ್ಣದಲ್ಲ. ರೂಸೋನ ಎಮಿಲ್ ಒಬ್ಬಂಟಿ ಹುಡುಗ, ಜೊತೆಗಿರುವವನು ಗುರು ಮಾತ್ರ. ಠಾಕೂರರ ಮಕ್ಕಳು ಗುಂಪಿನಲ್ಲಿ ಹಾಡುವವರು, ಗಾಂಧೀಜಿಯ ಮಕ್ಕಳು ಕೂಡಿ ದುಡಿಯುವವರು. ಮಗು ಒಂಟಿಯಾಗಿ ನಿಸರ್ಗವನ್ನು ಎದುರಾಗಬೇಕೋ, ಗುಂಪಿನಲ್ಲೋ ಎಂಬ ತಕರಾರು ಅಲ್ಲಿಂದ ಇಂದಿನ ಮನೋವಿಜ್ಞಾನದವರೆಗೂ ನಡೆದು ಬಂದಿದೆ.

ಹಸಿರೇ ಮದ್ದು ಎನ್ನುವವರು

ಇಪ್ಪತ್ತನೆಯ ಶತಮಾನದ ಕೊನೆಗೆ ಪ್ರಶ್ನೆ ಪ್ರಯೋಗಾಲಯಕ್ಕೆ ಬಂತು. 1984 ಮುಖ್ಯವಾದ ವರ್ಷ. ಜೀವವಿಜ್ಞಾನಿ ಇ.ಒ. ವಿಲ್ಸನ್ ‘ಬಯೋಫಿಲಿಯಾ’ ಪುಸ್ತಕದಲ್ಲಿ, ಜೀವಲೋಕದ ಕಡೆಗಿನ ಸೆಳೆತ ಮನುಷ್ಯನಿಗೆ ಹುಟ್ಟಿನಿಂದಲೇ ಬಂದದ್ದು ಎಂದರು. ಅದೇ ವರ್ಷ ರೋಜರ್ ಉಲ್ರಿಚ್ ‘ಸೈನ್ಸ್’ ಪತ್ರಿಕೆಯಲ್ಲಿ ಪುಟ್ಟ ಅಧ್ಯಯನವೊಂದನ್ನು ಪ್ರಕಟಿಸಿದರು. ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದ 46 ರೋಗಿಗಳಲ್ಲಿ ಕಿಟಕಿಯಿಂದ ಮರ ಕಾಣುತ್ತಿದ್ದವರು, ಇಟ್ಟಿಗೆ ಗೋಡೆ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಹೋದರು, ಬಲವಾದ ನೋವಿನ ಮದ್ದನ್ನೂ ಕಡಿಮೆ ತೆಗೆದುಕೊಂಡರು. 1989ರಲ್ಲಿ ರೇಚಲ್ ಮತ್ತು ಸ್ಟೀಫನ್ ಕಪ್ಲಾನ್ ಇನ್ನೊಂದು ವಿವರಣೆ ಕೊಟ್ಟರು: ಪಾಠ, ಲೆಕ್ಕ, ಟ್ರಾಫಿಕ್ಕು ಇವೆಲ್ಲ ಗಮನವನ್ನು ದಣಿಸುತ್ತವೆ. ಮೋಡ, ಎಲೆ, ನೀರು ನಮ್ಮ ಗಮನವನ್ನು ಮೆಲ್ಲಗೆ ಸೆಳೆದು, ದಣಿದ ಗಮನಕ್ಕೆ ಬಿಡುವು ಕೊಡುತ್ತವೆ.

ನಮ್ಮ ಪ್ರಶ್ನೆಗೆ ಹೆಚ್ಚು ಹತ್ತಿರದ್ದು ನ್ಯಾನ್ಸಿ ವೆಲ್ಸ್ ಮತ್ತು ಗ್ಯಾರಿ ಇವಾನ್ಸ್ 2003ರಲ್ಲಿ ಪ್ರಕಟಿಸಿದ ಕೆಲಸ. ನ್ಯೂಯಾರ್ಕ್ ರಾಜ್ಯದ ಹಳ್ಳಿಗಾಡಿನ 337 ಮಕ್ಕಳನ್ನು ಅವರು ನೋಡಿದರು. ಮನೆಯ ಸುತ್ತ ನಿಸರ್ಗ ಹೆಚ್ಚಿದ್ದ ಮಕ್ಕಳನ್ನು ಬದುಕಿನ ಒತ್ತಡಗಳು ಅಷ್ಟಾಗಿ ಕುಗ್ಗಿಸಿರಲಿಲ್ಲ. ಹೆಚ್ಚು ಕಷ್ಟದಲ್ಲಿದ್ದ ಮಕ್ಕಳಿಗೇ ಈ ಆಸರೆ ಹೆಚ್ಚು ಒದಗಿತ್ತು. ಹಳ್ಳಿಯ ಮಕ್ಕಳಿಗೆ ನಿಸರ್ಗ ಹೇಗೂ ಸಿಕ್ಕೇ ಸಿಗುತ್ತದೆ ಎಂಬ ಪಟ್ಟಣದವರ ಊಹೆಯನ್ನು ಇದು ಅಲುಗಾಡಿಸಿತು. ಹಳ್ಳಿಯೊಳಗೂ ಮನೆಯಿಂದ ಮನೆಗೆ ವ್ಯತ್ಯಾಸವಿದೆ. 2019ರಲ್ಲಿ ಡೆನ್ಮಾರ್ಕಿನ ಒಂಬತ್ತು ಲಕ್ಷಕ್ಕೂ ಹೆಚ್ಚು ಜನರ ದಾಖಲೆಗಳನ್ನು ಉಪಗ್ರಹ ಚಿತ್ರಗಳ ಜೊತೆ ಇಟ್ಟು ನೋಡಿದ ಅಧ್ಯಯನ, ಬಾಲ್ಯದಲ್ಲಿ ಸುತ್ತ ಹಸಿರು ಕಡಿಮೆಯಿದ್ದವರಲ್ಲಿ ಮುಂದೆ ಮಾನಸಿಕ ಕಾಯಿಲೆಯ ಸಂಭವ ಹೆಚ್ಚು ಎಂದಿತು. ಇವೆರಡರ ನಡುವೆ, 2005ರಲ್ಲಿ ರಿಚರ್ಡ್ ಲೂವ್ ಎಂಬ ಪತ್ರಕರ್ತರು ಅಮೆರಿಕದ ಮಕ್ಕಳಿಗೆ ನಿಸರ್ಗದ ಕೊರತೆಯೇ ಒಂದು ರೋಗದಂತೆ ಅಂಟಿದೆ ಎಂದು ಬರೆದದ್ದು ಜಗತ್ತೆಲ್ಲ ಹರಡಿತ್ತು. ಅದು ವೈದ್ಯರು ಒಪ್ಪಿದ ರೋಗವಲ್ಲ, ಲೂವ್ ಕೂಡ ಹಾಗೆ ಹೇಳಿಲ್ಲ. ಆದರೂ ಎಷ್ಟೋ ಭಾಷಣಗಳಲ್ಲಿ ಅದು ರೋಗವೇ ಆಗಿಬಿಟ್ಟಿದೆ.

ಹಂಚಿಕೆಯ ಬಗ್ಗೆಯೂ ಈ ಪಂಥದವರ ಬಳಿ ಉತ್ತರವಿದೆ. ನಿಸರ್ಗದ ಚಿತ್ರ ನೋಡಿದವರು, ಗಿಡಗಳಿದ್ದ ಕೋಣೆಯಲ್ಲಿ ಕೂತವರು ಹೆಚ್ಚು ಉದಾರಿಗಳಾದರು ಎಂದು 2009ರಲ್ಲಿ ನೆಟ್ಟಾ ವೈನ್‌ಸ್ಟೈನ್ ಮತ್ತು ಸಂಗಡಿಗರು ವರದಿ ಮಾಡಿದರು. 2015ರಲ್ಲಿ ಪಾಲ್ ಪಿಫ್ ಮತ್ತಿತರರು ಬರ್ಕ್ಲಿಯ ಎತ್ತರದ ನೀಲಗಿರಿ ಮರಗಳ ಕೆಳಗೆ ವಿದ್ಯಾರ್ಥಿಗಳನ್ನು ನಿಲ್ಲಿಸಿ ಒಂದು ನಿಮಿಷ ಮೇಲೆ ನೋಡಲು ಹೇಳಿದರು. ಆಮೇಲೆ ಒಬ್ಬರು ಬೇಕೆಂದೇ ಪೆನ್ನುಗಳನ್ನು ಬೀಳಿಸಿದಾಗ, ಕಟ್ಟಡ ನೋಡಿದವರಿಗಿಂತ ಮರ ನೋಡಿದವರು ಹೆಚ್ಚು ಪೆನ್ನು ಆರಿಸಿಕೊಟ್ಟರು. ದೊಡ್ಡದೊಂದರ ಮುಂದೆ ನಿಂತಾಗ ನಾನೆಂಬುದು ಚಿಕ್ಕದಾಗುತ್ತದೆ, ಹಾಗಾಗಿ ಇನ್ನೊಬ್ಬರು ಕಣ್ಣಿಗೆ ಬೀಳುತ್ತಾರೆ ಎಂಬುದು ಅವರ ವಿವರಣೆ.

ಚೆಂದದ ವಿವರಣೆ. ಆದರೆ ಒಂದು ನಿಮಿಷದ ಬೆರಗಿನಿಂದ ಬಂದ ಉದಾರತೆ ಎಷ್ಟು ದಿನ ಬಾಳುತ್ತದೆ? ಅವರು ಪರೀಕ್ಷಿಸಿದ್ದು ದೊಡ್ಡವರನ್ನು, ಮಕ್ಕಳನ್ನಲ್ಲ. ಉಪಗ್ರಹದ ಲೆಕ್ಕದಲ್ಲೂ ನಮ್ಮ ಸೀಮೆಗೆ ತೊಡಕಿದೆ. ಬಿಳಿಜೋಳದ ಹೊಲ ಡಿಸೆಂಬರಿನಲ್ಲಿ ದಟ್ಟ ಹಸಿರು, ಮೇ ತಿಂಗಳಲ್ಲಿ ಬರಿ ಕಪ್ಪು. ವರ್ಷದ ಯಾವ ತಿಂಗಳ ಚಿತ್ರ ತೆಗೆದು ಸಿಂದಗಿಯ ಮಗುವಿನ ಹಸಿರನ್ನು ಅಳೆಯುವುದು? ಈ ನಾಲ್ಕು ತಾಲ್ಲೂಕಿನ ಮಕ್ಕಳ ನೆಚ್ಚಿನ ಜಾಗಗಳೆಂದರೆ ಬಣವಿ, ಮಾಳಿಗೆ, ಹಾಳುಬಾವಿಯ ಕಟ್ಟೆ, ಹಳ್ಳದ ಉಸುಕು, ಬೋರೆಹಣ್ಣಿನ ಕಂಟಿ. ಇವುಗಳಲ್ಲಿ ಹೆಚ್ಚಿನವು ಹಸಿರಿನ ಪಟ್ಟಿಯಲ್ಲೇ ಬರುವುದಿಲ್ಲ.

ಬಿಡುವು ಮತ್ತು ಒಡನಾಟ

ಇನ್ನೊಂದು ಪಂಥ ಈ ಜಾಗಗಳಿಂದಲೇ ಹೊರಡುತ್ತದೆ. ರೋಜರ್ ಹಾರ್ಟ್ 1970ರ ದಶಕದಲ್ಲಿ ಅಮೆರಿಕದ ವರ್ಮಾಂಟಿನ ಪುಟ್ಟ ಊರೊಂದರಲ್ಲಿ ಮಕ್ಕಳ ಹಿಂದೆಯೇ ಓಡಾಡಿ, ಅವರು ಎಲ್ಲೆಲ್ಲಿಗೆ ಹೋಗುತ್ತಾರೆ, ಏನು ಕಟ್ಟುತ್ತಾರೆ, ಎಲ್ಲಿ ಅಡಗುತ್ತಾರೆ ಎಂದು ನಕ್ಷೆ ಮಾಡಿದರು. 1979ರಲ್ಲಿ ಬಂದ ಆ ಪುಸ್ತಕದ ಪ್ರಕಾರ ಮಕ್ಕಳಿಗೆ ಬೇಕಾದದ್ದು ನೋಟವಲ್ಲ. ಮಣ್ಣು, ನೀರು, ಕಡ್ಡಿಗಳಂತೆ ಕೈಗೆ ಸಿಗುವ, ಬದಲಾಯಿಸಬಹುದಾದ ವಸ್ತು ಮತ್ತು ದೊಡ್ಡವರ ಕಣ್ಣು ತಪ್ಪಿದ ಮೂಲೆ ಅವರಿಗೆ ಬೇಕು. 1990ರ ದಶಕದಲ್ಲಿ ಲೂಯಿಸ್ ಚಾವ್ಲಾ ಮುಂತಾದವರು ಯುನೆಸ್ಕೋ ನೆರವಿನಿಂದ ಹಲವು ದೇಶಗಳ ಬಡ ಬಡಾವಣೆಗಳ ಮಕ್ಕಳನ್ನು ಮಾತಾಡಿಸಿದಾಗ ಬೆಂಗಳೂರಿನ ಸತ್ಯನಗರವೂ ಅದರಲ್ಲಿತ್ತು. ಸೌಲಭ್ಯ ಕಡಿಮೆಯಿದ್ದ ಆ ಬಡಾವಣೆಯ ಮಕ್ಕಳು ಗೆಳೆಯರು, ನೆರೆಹೊರೆ, ಓಡಾಡುವ ಸ್ವಾತಂತ್ರ್ಯ ಇವನ್ನು ದೊಡ್ಡ ಸಂಪತ್ತೆಂದು ಹೇಳಿದರು.

ಎರೆನೆಲಕ್ಕೆ ಈ ವಾದ ಚೆನ್ನಾಗಿ ಹೊಂದುತ್ತದೆ. ಹಕ್ಕಿ ಕಾಯಲು ಹೋದ ಹುಡುಗರನ್ನು ನೋಡಿ. ಜೋಳ ಕಾಳುಗಟ್ಟುವ ಹೊತ್ತಿಗೆ ಬೆಳಗಿನಿಂದ ಅಟ್ಟಣಿಗೆಯ ಮೇಲೆ ನಿಂತು ಕವಣೆ ಬೀಸುವುದು, ಡಬ್ಬಿ ಬಡಿಯುವುದು. ಕೆಲಸ ಮನೆಯದು, ಆದರೆ ಆ ಎತ್ತರದ ಮೇಲೆ ಹುಡುಗನೇ ರಾಜ. ಪಕ್ಕದ ಹೊಲದ ಅಟ್ಟಣಿಗೆಯ ಹುಡುಗನ ಜೊತೆ ಕೂಗಿನಲ್ಲೇ ಮಾತು, ಮಧ್ಯಾಹ್ನ ಬದುವಿನ ಮೇಲೆ ಇಬ್ಬರ ಬುತ್ತಿಯೂ ಒಂದೇ. “ನಿಮ್ಮವ್ವ ಏನ್ ಕಟ್ಟ್ಯಾಳೋ?” ಎಂಬುದರಿಂದ ಶುರುವಾದ ಗೆಳೆತನಗಳು ಮುಪ್ಪಿನವರೆಗೂ ಉಳಿದದ್ದುಂಟು.

ಈ ಪಂಥ ಎಡವುವುದು ಒಂಟಿತನದ ವಿಷಯದಲ್ಲಿ. ಎಲ್ಲ ಮಕ್ಕಳೂ ಗುಂಪಿನವರಲ್ಲ. ಮನೆಯಲ್ಲಿ ಸಾವಾದಾಗ, ಅಪ್ಪ ಕುಡಿದು ಬಂದಾಗ ಮಗು ಗೆಳೆಯರನ್ನು ಹುಡುಕುವುದಿಲ್ಲ, ಜಾಗ ಹುಡುಕುತ್ತದೆ. ಅಲ್ಲಿ ಅದು ಕರುವಿನ ಕುತ್ತಿಗೆ ತುರಿಸುತ್ತ, ಇರುವೆ ಸಾಲು ನೋಡುತ್ತ ಕೂರುತ್ತದೆ. ಇದನ್ನು ಒಡನಾಟ ಎಂದು ಕರೆಯಬೇಕಾದರೆ ಒಡನಾಡಿಗಳ ಪಟ್ಟಿಗೆ ಕರು, ಇರುವೆಗಳನ್ನೂ ಸೇರಿಸಬೇಕಾಗುತ್ತದೆ. ಚರಗ ಚೆಲ್ಲುವವರು ಅದನ್ನು ಎಂದೋ ಸೇರಿಸಿದ್ದಾರೆ. ಮನೋವಿಜ್ಞಾನ ಇನ್ನೂ ಹಿಂದುಮುಂದು ನೋಡುತ್ತಿದೆ.

ಯಾರ ಹೊಲ, ಯಾರ ಬಾವಿ?

ಮೂರನೆಯ ಗುಂಪಿನವರು ಈ ಮಾತುಕತೆಯನ್ನೇ ಅನುಮಾನದಿಂದ ನೋಡುತ್ತಾರೆ. ರಾಮಚಂದ್ರ ಗುಹಾ 1989ರಲ್ಲಿ ಬರೆದ ಲೇಖನವೊಂದರಲ್ಲಿ, ಮನುಷ್ಯರಿಲ್ಲದ ಕಾಡನ್ನು ಪೂಜಿಸುವ ಅಮೆರಿಕದ ಪರಿಸರವಾದ ಬಡದೇಶಗಳ ದುಡಿಯುವವರಿಗೆ ಹೊಂದುವುದಿಲ್ಲ ಎಂದು ವಾದಿಸಿದರು. ಇಲ್ಲಿ ನಿಸರ್ಗವೆಂದರೆ ಸೌದೆ, ಮೇವು, ಕೂಲಿ. ದನ ಕಾಯುವ ಹುಡುಗ ಬಯಲಿನಲ್ಲಿ ಕೊಳಲು ಊದುವವನಾಗಿ ಕವಿತೆಯಲ್ಲಿ ಕಾಣುತ್ತಾನೆ. ಶಾಲೆಯ ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಗೈರು ಎಂದಿರುತ್ತದೆ.

ಹಳ್ಳಿಯನ್ನು ಹಾಡಿ ಹೊಗಳುವವರನ್ನು ಅಂಬೇಡ್ಕರರು 1948ರಲ್ಲಿ ಸಂವಿಧಾನ ಸಭೆಯಲ್ಲೇ ಕಟುವಾಗಿ ಟೀಕಿಸಿದ್ದರು. ಮುದ್ದೇಬಿಹಾಳದಲ್ಲಿ ಹುಟ್ಟಿದ ಅರವಿಂದ ಮಾಲಗತ್ತಿ ಅವರ ಆತ್ಮಕಥನ ‘ಗೌರ್ಮೆಂಟ್ ಬ್ರಾಹ್ಮಣ’ 1994ರಲ್ಲಿ ಬಂತು. ಅದನ್ನು ಓದಿದ ಮೇಲೆ ಈ ಸೀಮೆಯ ಬಾಲ್ಯವನ್ನು ಬರಿ ಜೋಕಾಲಿ, ಸೀತನಿಗಳ ಬಾಲ್ಯವೆಂದು ಬರೆಯಲು ಕೈ ಬರುವುದಿಲ್ಲ. ಊರು ಒಂದೇ, ಬೇವಿನ ಮರವೂ ಒಂದೇ. ಆದರೆ ಯಾವ ಮಗು ಯಾವ ಕಟ್ಟೆಯ ಮೇಲೆ ಕೂರಬಹುದು, ಯಾವ ನೀರು ಮುಟ್ಟಬಹುದು ಎಂಬುದನ್ನು ಜಾತಿ ಮೊದಲೇ ಗೆರೆ ಎಳೆದು ಇಟ್ಟಿತ್ತು. ಹೊಲವಿಲ್ಲದವರ ಮಕ್ಕಳಿಗೆ ಎಳ್ಳ ಅಮಾವಾಸ್ಯೆ ಎಂದರೆ ಇನ್ನೊಬ್ಬರ ಹೊಲಕ್ಕೆ, ಇನ್ನೊಬ್ಬರು ಕರೆದರೆ ಹೋಗುವುದು. ಕೊಡುವವರು ಯಾವಾಗಲೂ ಕೊಡುವವರೇ, ಪಡೆಯುವವರು ಯಾವಾಗಲೂ ಪಡೆಯುವವರೇ ಆದರೆ ಅದನ್ನು ಹಂಚಿಕೆ ಎನ್ನಬಹುದೇ? ಮೇಲಿನ ಎರಡೂ ಪಂಥಗಳು ಈ ಪ್ರಶ್ನೆಯನ್ನು ಕೇಳಿಕೊಂಡೇ ಇಲ್ಲ.

ಹೆಣ್ಣುಮಕ್ಕಳ ಲೆಕ್ಕವೂ ಬೇರೆ. ಗುಳ್ಳವ್ವ ಮಾಡುವ ವಯಸ್ಸು ಮುಗಿದು ಹುಡುಗಿ ದೊಡ್ಡವಳಾದಳೆಂದರೆ ಹಳ್ಳ, ಹೊಲ, ಬಯಲು ಎಲ್ಲಕ್ಕೂ ಬಾಗಿಲು ಹಾಕಿದಂತೆ. ಆಮೇಲೆ ಹೊಲಕ್ಕೆ ಹೋದರೂ ಕಳೆ ತೆಗೆಯಲು, ಹತ್ತಿ ಬಿಡಿಸಲು. ಅದೇ ವಯಸ್ಸಿನ ಅಣ್ಣ ಸೈಕಲ್ ಹತ್ತಿ ಕಾಲುವೆಗೆ ಈಜಲು ಹೊರಡುತ್ತಾನೆ.

ಈ ವಾದದ ಬಲ ದೊಡ್ಡದು. ಆದರೂ ಒಂದು ಮಾತು ಅದರ ಹಿಡಿತಕ್ಕೆ ಸಿಗುವುದಿಲ್ಲ. ಅವಮಾನ, ಹಸಿವುಗಳ ನಡುವೆಯೂ ಬಯಲು ಕೆಲವು ಮಕ್ಕಳಿಗೆ ಉಸಿರಾಡಲು ಜಾಗ ಕೊಟ್ಟಿದೆ. ಕಷ್ಟದಲ್ಲಿದ್ದ ಮಕ್ಕಳಿಗೇ ನಿಸರ್ಗ ಹೆಚ್ಚು ಒದಗಿತು ಎಂಬ ವೆಲ್ಸ್-ಇವಾನ್ಸ್ ಮಾತಿಗೂ ಈ ಅನುಭವಕ್ಕೂ ಎಲ್ಲೋ ಒಂದು ಕಡೆ ತಾಳೆಯಾಗುತ್ತದೆ.

ನೀರು ಬಂತು, ಬಯಲು ಬದಲಾಯಿತು

ಸಿದ್ಧಾಂತಗಳು ವಾದಿಸುತ್ತಿದ್ದಾಗ ನೆಲವೇ ಬದಲಾಗುತ್ತಿತ್ತು. ಆಲಮಟ್ಟಿ ಅಣೆಕಟ್ಟೆಗೆ 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿ ಅಡಿಗಲ್ಲು ಹಾಕಿದರು. 2006ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅದನ್ನು ನಾಡಿಗೆ ಅರ್ಪಿಸಿದರು. ಈ ನಡುವಿನ ನಾಲ್ಕು ದಶಕಗಳಲ್ಲಿ ಕೃಷ್ಣೆಯ ದಂಡೆಯ ಊರುಗಳು ಮುಳುಗಿದವು, ಜನ ಪುನರ್ವಸತಿ ಕೇಂದ್ರಗಳಿಗೆ ಬಂದರು. ಹೊಸ ಊರಿನಲ್ಲಿ ರಸ್ತೆ ನೇರವಾಗಿತ್ತು, ಶಾಲೆಯ ಕಟ್ಟಡವಿತ್ತು. ಹೊಳೆಯ ಉಸುಕು, ಸಂಕ್ರಾಂತಿಗೆ ಬುತ್ತಿ ಬಿಚ್ಚುತ್ತಿದ್ದ ದಂಡೆ, ಹಳೆಯ ಹುಣಸೆ ಇರಲಿಲ್ಲ. ಪರಿಹಾರದ ಪಟ್ಟಿಯಲ್ಲಿ ಮನೆ, ಹೊಲ, ಗಿಡಗಳಿಗೆ ಬೆಲೆ ಕಟ್ಟಿದರು. ಮಕ್ಕಳು ಆಡುತ್ತಿದ್ದ ದಂಡೆಗೆ ಬೆಲೆ ಕಟ್ಟುವ ಕಲಮು ಯಾವ ಕಾನೂನಿನಲ್ಲಿದೆ?

ಇತ್ತ ಅದೇ ನೀರು ಕಾಲುವೆ, ಏತ ನೀರಾವರಿಗಳ ಮೂಲಕ ಬಸವನ ಬಾಗೇವಾಡಿ, ಮುದ್ದೇಬಿಹಾಳ, ಸಿಂದಗಿ, ಇಂಡಿಗಳ ಕಡೆ ಹರಿಯಿತು. ಬತ್ತಿದ ಕೆರೆಗಳು ತುಂಬಿದವು. ಆಲಮಟ್ಟಿಯ ಹಿನ್ನೀರಿಗೆ ರಾಜಹಂಸಗಳು ಬರತೊಡಗಿದವು, ಅಣೆಕಟ್ಟೆಯ ಪಕ್ಕದ ಉದ್ಯಾನಗಳಿಗೆ ಶಾಲೆಯ ಮಕ್ಕಳು ಬಸ್ಸಿನಲ್ಲಿ ಬರತೊಡಗಿದರು. ಇಂಡಿಯ ಲಿಂಬೆ 2023ರಲ್ಲಿ ಭೌಗೋಳಿಕ ಗುರುತು ಪಡೆಯಿತು. ಮೊದಲಿಗಿಂತ ಈ ಸೀಮೆ ಹಸಿರಾಗಿದೆ ಎಂಬುದು ನಿಜ. ಆದರೆ ಹಸಿರಿನ ಜಾತಿ ಬದಲಾಯಿತು. ಜೋಳ, ಕಡಲೆಯ ಹೊಲದ ನಡುವೆ ಮಗು ನಡೆಯಬಹುದು, ಕೂರಬಹುದು, ಸುಲಗಾಯಿ ಕಿತ್ತು ತಿನ್ನಬಹುದು. ಒತ್ತಾಗಿ ಬೆಳೆದ ಕಬ್ಬಿನೊಳಗೆ ಬುತ್ತಿ ಬಿಚ್ಚಲು ಜಾಗವೆಲ್ಲಿ? ಕಾಲುವೆ, ಕೃಷಿಹೊಂಡಗಳು ಈಜು ಬಾರದ ಮಕ್ಕಳಿಗೆ ಗಂಡಾಂತರ. ಹಸಿರಿನ ಅಳತೆಯೂ ಮಕ್ಕಳ ನೆಮ್ಮದಿಯ ಅಳತೆಯೂ ಒಂದೇ ಅಲ್ಲ ಎಂಬುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕಿಲ್ಲ.

ಇನ್ನೊಂದು ಬದಲಾವಣೆ ಹಳೆಯದು, ನೀರಿನಿಂದಲೂ ಪೂರ್ತಿ ನಿಲ್ಲದ್ದು: ಗುಳೆ. ತಾಂಡಾಗಳಿಂದ, ಭೂಮಿ ಕಡಿಮೆಯಿರುವ ಕುಟುಂಬಗಳಿಂದ ಜನ ಗೋವಾಕ್ಕೆ, ಪುಣೆ-ಮುಂಬೈಗೆ, ಬೆಂಗಳೂರಿಗೆ, ಮಹಾರಾಷ್ಟ್ರದ ಕಬ್ಬಿನ ಗದ್ದೆಗಳಿಗೆ ಹೋಗುತ್ತಾರೆ. ಅನೇಕರು ಹೊರಡುವುದು ಸುಗ್ಗಿಯ ತಿಂಗಳುಗಳಲ್ಲೇ, ಅಂದರೆ ಊರಿನ ಬಯಲು ಅತ್ಯಂತ ಸೊಗಸಾಗಿರುವಾಗ. ಅಜ್ಜಿಯ ಬಳಿ ಉಳಿದ ಮಗುವಿಗೆ ಬಯಲು ಇದೆ, ಅವ್ವ ಇಲ್ಲ. ಜೊತೆಗೆ ಹೋದ ಮಗುವಿಗೆ ಅವ್ವ ಇದ್ದಾಳೆ, ಊರಿಲ್ಲ.

ಶಾಲೆಯ ಅಂಗಳದಲ್ಲಿ

ಸರ್ಕಾರಿ ನೀತಿಯ ಕತೆಯನ್ನು ಬೇಗ ಮುಗಿಸಬಹುದು. ಪರಿಸರವನ್ನು ಪಾಠವಾಗಿ ಕಲಿಸಬೇಕೆಂದು ಸುಪ್ರೀಂ ಕೋರ್ಟ್ 1991ರಲ್ಲಿ ಹೇಳಿತು. ಪುಸ್ತಕ ಬಂತು, ಪರೀಕ್ಷೆ ಬಂತು, ಶಾಲೆಗಳಲ್ಲಿ ಇಕೋ ಕ್ಲಬ್ಬುಗಳು ಬಂದವು. ಅರಣ್ಯ ಇಲಾಖೆಯ ಚಿಣ್ಣರ ವನದರ್ಶನ ಸರ್ಕಾರಿ ಶಾಲೆಯ ಮಕ್ಕಳನ್ನು ಕಾಡಿಗೆ ಕರೆದುಕೊಂಡು ಹೋಗುತ್ತದೆ. ವಿಜಯಪುರದಲ್ಲಿ 2016ರಲ್ಲಿ ಎಂ.ಬಿ. ಪಾಟೀಲರ ಮುಂದಾಳತ್ವದಲ್ಲಿ ಶುರುವಾದ ಕೋಟಿ ವೃಕ್ಷ ಅಭಿಯಾನ, ಅದರ ಜೊತೆಗಿನ ವೃಕ್ಷಥಾನ್ ಓಟ ಮರದ ಮಾತನ್ನು ಮನೆಮಾತಾಗಿಸಿದವು. ಗಿಡ ನೆಟ್ಟ ಮಗು ಅದಕ್ಕೆ ಬೇಸಿಗೆಯಲ್ಲಿ ನೀರು ಹೊತ್ತರೆ ಮಾತ್ರ ಅದು ಅದರ ಗಿಡ. ಫೋಟೊಕ್ಕೆ ನಿಂತು ಹೋದರೆ ಅದು ಇಲಾಖೆಯ ಗಿಡ.

ಇವೆಲ್ಲಕ್ಕಿಂತ ಕುತೂಹಲದ್ದು ಯಾರೂ ಯೋಜಿಸದೆ ನಡೆದ ಒಂದು ಪ್ರಯೋಗ. ಕೊರೊನಾ ಕಾಲದಲ್ಲಿ ಶಾಲೆ ಮುಚ್ಚಿದಾಗ, 2020ರ ಆಗಸ್ಟ್‌ನಲ್ಲಿ ಕರ್ನಾಟಕದ ಶಿಕ್ಷಣ ಇಲಾಖೆ ‘ವಿದ್ಯಾಗಮ’ ಆರಂಭಿಸಿತು. ಮಾಸ್ತರರೇ ಮಕ್ಕಳಿದ್ದಲ್ಲಿಗೆ ಹೋದರು. ಗುಡಿಯ ಕಟ್ಟೆ, ಬೇವಿನ ನೆರಳು, ಸಮುದಾಯ ಭವನಗಳಲ್ಲಿ ಚಿಕ್ಕ ಗುಂಪುಗಳಿಗೆ ಪಾಠ ನಡೆಯಿತು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದು ನಿಂತಿತು, ಮುಂದಿನ ಜನವರಿಯಲ್ಲಿ ಬೇರೆ ರೂಪದಲ್ಲಿ ಮರಳಿತು. ಠಾಕೂರರು ಆದರ್ಶವಾಗಿ ಆರಿಸಿಕೊಂಡದ್ದು ಇಲ್ಲಿ ನಿರ್ವಾಹವಿಲ್ಲದೆ ಬಂದಿತ್ತು. ಗೋಡೆಯಿಲ್ಲದ ಆ ಪಾಠಗಳಲ್ಲಿ ಮಕ್ಕಳು ಕಂಡದ್ದು ಮರದ ತಂಪನ್ನೋ, ತಿಂಗಳುಗಟ್ಟಲೆ ಅಗಲಿದ್ದ ಗೆಳೆಯರನ್ನೋ? ಶಾಲೆ ತೆರೆದ ಮೇಲೆ ಯಾರೂ ಮರದ ಕೆಳಗಿನ ಪಾಠವನ್ನು ಮುಂದುವರಿಸಲಿಲ್ಲವೇಕೆ ಎಂದು ಕೇಳುವ ಗೋಜಿಗೂ ನಾವು ಹೋಗಲಿಲ್ಲ.

ಇನ್ನೂ ಬಗೆಹರಿಯದ್ದು

ಹಸಿರು, ಬಿಡುವು, ಒಡನಾಟ ಇವುಗಳ ಪಾಲನ್ನು ಬೇರ್ಪಡಿಸುವುದು ಇನ್ನೂ ಯಾರಿಗೂ ಪೂರ್ತಿ ಸಾಧ್ಯವಾಗಿಲ್ಲ. ವೆಲ್ಸ್ ಮತ್ತು ಇವಾನ್ಸ್ ಕೂಡ, ಹಸಿರಿದ್ದಲ್ಲಿ ಮಕ್ಕಳು ಹೆಚ್ಚು ಸೇರುವುದರಿಂದಲೂ ಆಸರೆ ಸಿಕ್ಕಿರಬಹುದು ಎಂಬ ಸಾಧ್ಯತೆಯನ್ನು ತೆರೆದೇ ಇಟ್ಟಿದ್ದರು. ಬರಡು ಬಯಲಿನಲ್ಲಿ ಗೆಳೆಯರಿರುವ ಮಗು, ಲಿಂಬೆ ತೋಟದ ಮನೆಯಲ್ಲಿ ಒಂಟಿಯಾಗಿರುವ ಮಗು, ಇವರಿಬ್ಬರಲ್ಲಿ ಯಾರಿಗೆ ಹೆಚ್ಚು ನೆಮ್ಮದಿ? ಇಂಡಿ ತಾಲ್ಲೂಕಿನಲ್ಲಿ ಈ ಎರಡೂ ಬಗೆಯ ಮಕ್ಕಳು ಒಂದೇ ತರಗತಿಯಲ್ಲಿ ಕೂರುತ್ತಾರೆ.

ಎರಡನೆಯದು ಕಾಲದ ಪ್ರಶ್ನೆ. ಕುಂಟೆತ್ತಿನ ಹಿಂದೆ ತಿರುಗಿ ಕೂಡಿ ಉಂಡವರು ದೊಡ್ಡವರಾದ ಮೇಲೂ ಹಂಚುತ್ತಾರೆಯೇ? ಹಾಗೆ ಉಂಡು ಬೆಳೆದವರ ನಡುವೆಯೇ ಬದುವಿನ ಜಗಳ, ಪಾಲಿನ ವ್ಯಾಜ್ಯಗಳು ಕೋರ್ಟು ತುಂಬಿವೆ. ಬಾಲ್ಯದ ಹಂಚಿಕೆ ಮುಂದಿನ ಬದುಕಿಗೆ ದಾಟುತ್ತದೆ ಎಂಬ ನಂಬಿಕೆಗೆ ಜಾನಪದದವರಾಗಲಿ ಪ್ರಯೋಗಾಲಯದವರಾಗಲಿ ಗಟ್ಟಿ ಆಧಾರ ಕೊಟ್ಟಿಲ್ಲ.

ಮೂರನೆಯದು ಹಬ್ಬ ಕಳಚಿದ ಮೇಲಿನದು. ಮಣ್ಣೆತ್ತುಗಳು ಈಗ ಸಂತೆಯಲ್ಲಿ ಬಣ್ಣ ಬಳಿದೇ ಸಿಗುತ್ತವೆ. ಮನೆಮನೆಗೆ ಮಕ್ಕಳನ್ನು ಕಳಿಸಲು ಕೆಲವು ತಂದೆತಾಯಿ ನಾಚುತ್ತಾರೆ, ಬೇಡಿದಂತೆ ಕಾಣುತ್ತದೆ ಎಂದು. ರೂಢಿಯ ಆಸರೆ ಇಲ್ಲದೆ ಬರಿ ನಿಸರ್ಗವೇ ಹಂಚುವುದನ್ನು ಕಲಿಸೀತೇ? ವಿಲ್ಸನ್ ಸರಿಯಾಗಿದ್ದರೆ ಹೌದು. ಹಬ್ಬದ ಪಕ್ಷದವರು ಸರಿಯಾಗಿದ್ದರೆ ಇಲ್ಲ.

ಕೊನೆಯದು ನೀತಿಗೆ ಸಂಬಂಧಿಸಿದ್ದು. ಮಕ್ಕಳಿಗಾಗಿ ಖರ್ಚು ಮಾಡಲು ಒಂದು ಗ್ರಾಮ ಪಂಚಾಯಿತಿಯ ಕೈಯಲ್ಲಿ ಸ್ವಲ್ಪ ಹಣವಿದೆ ಎಂದುಕೊಳ್ಳೋಣ. ಬೇಲಿ ಹಾಕಿದ ಉದ್ಯಾನ ಮಾಡಬೇಕೋ, ಗಾಂವಠಾಣದ ಬಯಲನ್ನು ಒತ್ತುವರಿಯಿಂದ ಬಿಡಿಸಿ ಹಾಗೆಯೇ ಬಿಡಬೇಕೋ? ಗುಳೆ ಹೋದವರ ಮಕ್ಕಳಿಗೆ ಹಾಸ್ಟೆಲ್ಲಿನ ಹಿಂದೆ ಎರಡು ಗುಂಟೆ ಜೋಳ ಬಿತ್ತಬೇಕೋ, ಕಾಲುವೆಯ ದಡದಲ್ಲಿ ಈಜು ಕಲಿಸುವವರನ್ನು ನೇಮಿಸಬೇಕೋ? ಮೇಲಿನ ಮೂರು ಪಂಥಗಳೂ ಇದಕ್ಕೆ ಬೇರೆ ಬೇರೆ ಉತ್ತರ ಕೊಡುತ್ತವೆ. ಗ್ರಾಮಸಭೆಯಲ್ಲಿ ಮಕ್ಕಳನ್ನೇ ಕೂರಿಸಿಕೊಂಡು ಕೇಳಿದರೆ ನಾಲ್ಕನೆಯ ಉತ್ತರವೊಂದು ಬರಬಹುದು. ಮಕ್ಕಳ ಗ್ರಾಮಸಭೆ ನಡೆಸಬೇಕೆಂಬ ವ್ಯವಸ್ಥೆಯೇನೋ ಕರ್ನಾಟಕದಲ್ಲಿ ಈಗಾಗಲೇ ಇದೆ.